ಕಾಸರಕೋಡಿನ ಇಳಿಜಾರಿನಲ್ಲಿ ನೋಡಿದ ಎಣ್ಣೆ

ನಮ್ಮ ಮನೆಯಲ್ಲಿ ಕಾರಿನ ಎಣ್ಣೆ ನೋಡುವ ಕೆಲಸ ನನ್ನದು. ಓಡಿಸುವ ಕೆಲಸ ಅಣ್ಣನದು. ಹಿಂದಿನ ಸೀಟಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, ಕಂಡವರೆಲ್ಲರ ನಮಸ್ಕಾರ ಸ್ವೀಕರಿಸುವುದು ಅಪ್ಪನ ಕೆಲಸ. ಈ ಹಂಚಿಕೆಯನ್ನು ಯಾರೂ ಕೂತು ಮಾಡಿದ್ದಲ್ಲ. ನಮ್ಮ ಕಡೆ ಇಂಥವೆಲ್ಲ ತಾವಾಗಿಯೇ ಆಗುತ್ತವೆ, ಆಮೇಲೆ ಯಾರಾದರೂ ಪ್ರಶ್ನೆ ಕೇಳಿದರೆ ಕೇಳಿದವರೇ ಜಗಳಗಂಟರಾಗುತ್ತಾರೆ.

ಅಪ್ಪನಿಗೆ ಭಟ್ಕಳದ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ. ಮನೆ ಮುಟ್ಟಳ್ಳಿಯಲ್ಲಿ. ಐವತ್ತರ ದಶಕ ಮುಗಿಯುತ್ತಿದ್ದಾಗ ಪೇಟೆಯ ನವಾಯತ ಮುಸ್ಲಿಂ ವ್ಯಾಪಾರಿ ಸಾಹೇಬರೊಬ್ಬರು ಮದ್ರಾಸಿನಿಂದ ತಂದಿದ್ದ ತಮ್ಮ ಹಳೆಯ ಕರಿ ಕಾರನ್ನು ಮಾರಲು ಹೊರಟರು. ಅಪ್ಪ ತೆಗೆದುಕೊಂಡ. ನಮಗೆ ಕಾರಿನ ಅಗತ್ಯ ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಕೊಬ್ಬರಿ ಚೀಲ ಹೋಗುವುದು ಲಾರಿಯಲ್ಲಿ, ಅಪ್ಪ ಅಂಗಡಿಗೆ ಹೋಗುವುದು ಸೈಕಲ್ಲಿನಲ್ಲಿ. ಆದರೂ ಕಾರು ಬಂತು, ಕೊಟ್ಟಿಗೆಯ ಪಕ್ಕದಲ್ಲಿ ಅದಕ್ಕೊಂದು ಚಪ್ಪರ ಎದ್ದಿತು, ಆಯಿ, ನಮ್ಮಮ್ಮ, ಆರತಿ ಎತ್ತಿ ಕುಂಕುಮ ಇಟ್ಟಳು.

ಸಾಹೇಬರ ಡ್ರೈವರು ಜೊತೆಗೆ ಬಂದು ಎಲ್ಲ ತೋರಿಸಿಕೊಟ್ಟು ಹೋದ. ಅಣ್ಣ ಸ್ಟಿಯರಿಂಗು, ಗೇರು ಎಲ್ಲ ಕೇಳಿಕೊಂಡ. ಬಾನೆಟ್ ಎತ್ತಿದೊಡನೆ ಅವನಿಗೆ ಬೇರೆ ಕೆಲಸ ನೆನಪಾಯಿತು. ಇಂಜಿನ್ನಿನ ವಿಷಯ ಕಿವಿಗೊಟ್ಟು ಕೇಳಿದವನು ಅಪ್ಪ. ಕೊಬ್ಬರಿಯನ್ನು ಬೆರಳಿನಿಂದ ಮುರಿದು ಎಷ್ಟು ಒಣಗಿದೆ ಎಂದು ಹೇಳುವ ಮನುಷ್ಯ ಅವನು. ಯಾವುದನ್ನೂ ಅರ್ಧ ತಿಳಿದು ಬಿಡುವವನಲ್ಲ. ಎಣ್ಣೆಯನ್ನು ಯಾವಾಗ ನೋಡಬೇಕು, ಹೇಗೆ ನೋಡಬೇಕು, ಕಡಿಮೆಯಾದರೆ ಏನಾಗುತ್ತದೆ, ಹೆಚ್ಚಾದರೆ ಏನಾಗುತ್ತದೆ, ಎಲ್ಲ ಕೇಳಿ ತಿಳಿದುಕೊಂಡ. ತೊಂದರೆ ಒಂದೇ, ಅಪ್ಪನಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಎಣ್ಣೆ ಅಳೆಯುವ ಕಡ್ಡಿಯ ಮೇಲಿನ ಗೀಟು ಕಾಣಬೇಕಾದರೆ ಅದನ್ನು ಮಾರು ದೂರ ಹಿಡಿಯಬೇಕಿತ್ತು. ಹಾಗಾಗಿ ಮಗಳಾದ ನನ್ನನ್ನು ಕರೆದ.

"ಇಲ್ಲಿ ಬಾ ಮಗಾ. ನಿನ್ನ ಕಣ್ಣು ಚಲೋ ಅದೆ."

ಅಪ್ಪ ಕಲಿಸಿದ್ದನ್ನು ನಾನು ಮರೆತಿಲ್ಲ. ಬೆಳಿಗ್ಗೆ, ಗಾಡಿ ಶುರು ಮಾಡುವ ಮೊದಲೇ ನೋಡಬೇಕು. ಓಡಿ ಬಂದು ನಿಂತ ಕೂಡಲೇ ನೋಡಿದರೆ ಎಣ್ಣೆ ಇನ್ನೂ ಮೇಲೆಲ್ಲ ಅಂಟಿಕೊಂಡಿರುತ್ತದೆ, ಕೆಳಗಿಳಿದಿರುವುದಿಲ್ಲ. ಕಡ್ಡಿ ಎಳೆದು ಒಮ್ಮೆ ಅರಿವೆಯಲ್ಲಿ ಒರೆಸಬೇಕು, ಮತ್ತೆ ಪೂರ್ತಿ ಇಳಿಸಿ ಎಳೆಯಬೇಕು. ಎರಡು ಗೀಟುಗಳ ನಡುವೆ ಎಣ್ಣೆ ಇರಬೇಕು. ಕೆಳಗಿನದಕ್ಕಿಂತ ಇಳಿಯಬಾರದು, ಮೇಲಿನದಕ್ಕಿಂತ ಏರಬಾರದು. ಎಲ್ಲಕ್ಕಿಂತ ದೊಡ್ಡ ಮಾತು, ಗಾಡಿ ಮಟ್ಟಸ ಜಾಗದಲ್ಲಿ ನಿಂತಿರಬೇಕು. ಇದಕ್ಕಾಗಿ ಅಪ್ಪ ಕೊಬ್ಬರಿ ಒಣಗಿಸುವ ಅಂಗಳದಲ್ಲಿ ಕೊಡಪಾನಗಟ್ಟಲೆ ನೀರು ಚೆಲ್ಲಿ, ನೀರು ಎತ್ತಲೂ ಹರಿಯದೆ ನಿಲ್ಲುವ ಜಾಗ ಹುಡುಕಿ, ನಾಲ್ಕು ಚಕ್ರಕ್ಕೆ ನಾಲ್ಕು ಚಪ್ಪಟೆ ಚಿರೆಕಲ್ಲು ಹುಗಿಸಿದ್ದ. ಬೆಳಿಗ್ಗೆ ಗಾಡಿಯನ್ನು ಚಪ್ಪರದಿಂದ ಅವುಗಳ ಮೇಲೆ ನೂಕಿ ನಿಲ್ಲಿಸುವ ಆಳುಗಳು ನಗುತ್ತಿದ್ದರು. ಅಪ್ಪ ಮಾತ್ರ ನಗದೆ ಹೇಳಿದ್ದ:

"ಓರೆಲಿ ನಿಂತ ಗಾಡಿದು ನೋಡೂದೂ ಒಂದೇ, ನೋಡದೆ ಇರೂದೂ ಒಂದೇ. ಎಣ್ಣೆ ಒಂದು ಬದಿಗೆ ಹೋಗಿ ಕೂಡ್ತದೆ."

ನನಗೆ ಆ ಕೆಲಸ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಾಲೇಜಿನ ರಜೆಗೆ ಧಾರವಾಡದಿಂದ ಬಂದಾಗಲೆಲ್ಲ ಬೆಳಿಗ್ಗೆ ಎದ್ದು ಮೊದಲು ಹೋಗುವುದು ಚಪ್ಪರಕ್ಕೆ. ನಾನಿಲ್ಲದಾಗ ಯಾರೂ ನೋಡುತ್ತಿರಲಿಲ್ಲ, ಅಪ್ಪ ಕಾರು ಹೊರಗೆ ತೆಗೆಸಲೂ ಅಳುಕುತ್ತಿದ್ದ. ಒಮ್ಮೆ ಧೈರ್ಯ ಮಾಡಿ, "ಅಪ್ಪಾ, ನಂಗೂ ಓಡಿಸೂದು ಕಲಿಸೂಕೆ ಹೇಳು ಅಣ್ಣಂಗೆ" ಎಂದೆ. ಅಣ್ಣ ಊಟದ ಎಲೆಯ ಮುಂದೆಯೇ ಬಿದ್ದು ಬಿದ್ದು ನಕ್ಕ. ಅಪ್ಪ ನಗಲಿಲ್ಲ, "ನೀ ಎಣ್ಣೆ ನೋಡು, ಸಾಕು" ಎಂದ. ಆಯಿ ಸಾರು ಬಡಿಸಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಬಿ.ಎಸ್ಸಿ. ಮುಗಿಸಿ ಬಂದ ಮೇಲೆ ಮನೆಯಲ್ಲಿ ನನ್ನ ಮದುವೆಯ ಸುದ್ದಿ ಬಿಟ್ಟರೆ ಬೇರೆ ಸುದ್ದಿಯಿಲ್ಲ. ಬಂದವರ ಮುಂದೆಲ್ಲ ಚಹಾ ಹಿಡಿದುಕೊಂಡು ಹೋಗಿ ನಿಲ್ಲುವುದು, ಅವರು ನನ್ನ ಬಣ್ಣ ಸಾಲದೆಂದೋ ಓದು ಜಾಸ್ತಿಯೆಂದೋ ಹೇಳಿ ಕಳಿಸುವುದು. ಆ ನಡುವೆ ಕುಮಟೆಯ ಒಂದು ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಗಣಿತ ಕಲಿಸಲು ಹೆಂಗಸೊಬ್ಬರು ಬೇಕೆಂದು ತಿಳಿಯಿತು. ಕೆಲಸ ಕೇಳಿ ಕಾಗದ ಬರೆದೆ. ಮುಖಾಮುಖಿ ಮಾತಾಡಲು ಬನ್ನಿ ಎಂದರು. ಕುಮಟೆಯಲ್ಲಿ ಚಿಕ್ಕಮ್ಮನ ಮನೆ ಇತ್ತು, ಇರಲು ತೊಂದರೆಯಿಲ್ಲ. ನಾನು ಮನಸ್ಸಿನಲ್ಲೇ ಆ ಮನೆಯ ಮಾಳಿಗೆಯ ಕೋಣೆಯಲ್ಲಿ ನನ್ನ ಪೆಟ್ಟಿಗೆ ಇಟ್ಟಾಗಿತ್ತು. ಆ ಕೆಲಸ ನನಗೆ ಎಷ್ಟು ಬೇಕಿತ್ತೆಂದರೆ, ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲೂ ಹೆದರುತ್ತಿದ್ದೆ. ಅದು ಸಿಕ್ಕರೆ ಚಹಾ ತಟ್ಟೆ ಹಿಡಿದು ನಿಲ್ಲುವುದು ತಪ್ಪುತ್ತಿತ್ತು. ನನ್ನ ಜೀವನ ನನ್ನ ಕೈಗೆ ಬರುತ್ತಿತ್ತು.

ಬಸ್ಸಿಗೆ ಹೋಗುತ್ತೇನೆ ಎಂದೆ. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಕಾಸರಕೋಡಿನಲ್ಲಿ ಬಸ್ಸಿಳಿದು, ದೋಣಿಯಲ್ಲಿ ಹೊಳೆ ದಾಟಿ, ಹೊನ್ನಾವರದಲ್ಲಿ ಇನ್ನೊಂದು ಬಸ್ಸು ಹತ್ತಬೇಕು. ಧಾರವಾಡದ ಓದಿಗೆ ಹೋಗಿ ಬಂದವಳಿಗೆ ಅದೇನು ದೊಡ್ಡದಲ್ಲ. ಆದರೆ ಅಪ್ಪ ಒಪ್ಪಲಿಲ್ಲ.

"ಮನೇಲಿ ಕಾರಿಟ್ಕಂಡು ನೀ ಬಸ್ಸಿಗೆ ಹೋಗೂದೆ? ನೋಡ್ದವ್ರು ಎಂತ ಹೇಳೂದು?"

ಆ ದಿನ ಬೆಳಿಗ್ಗೆ ಎಣ್ಣೆ ನೋಡಿದೆ. ಮೇಲಿನ ಗೀಟಿಗೆ ಸರಿಯಾಗಿ ನಿಂತಿತ್ತು. ಅಪ್ಪ ಪಕ್ಕದಲ್ಲೇ ಇದ್ದ, "ಆತಾ?" ಎಂದು ಕೇಳಿದ. "ಆತು, ಸಮ ಅದೆ" ಎಂದೆ. ಆಯಿ ಕೊಟ್ಟ ಹೊಸ ಸೀರೆಗೆ ಕಲೆ ತಾಗಬಾರದೆಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯನ್ನು ಬೂದಿ ಹಾಕಿ ತಿಕ್ಕಿ ತೊಳೆದುಕೊಂಡೆ. ಅಣ್ಣ ಬಿಳಿ ಪ್ಯಾಂಟು ಹಾಕಿ, ತಲೆ ಬಾಚಿ, ಹಾರ್ನ್ ಹೊಡೆಯುತ್ತ ಕೂತಿದ್ದ. ಹೊರಟೆವು. ಮಾವಳ್ಳಿ ದಾಟುವವರೆಗೆ ನಾನು ಮನಸ್ಸಿನಲ್ಲೇ ಲೆಕ್ಕದ ಪಾಠ ಮಾಡುತ್ತಿದ್ದೆ.

ಕಾಸರಕೋಡಿನಲ್ಲಿ ಹೊಳೆಗೆ ಇಳಿಯುವ ದಾರಿ ನೀರಿನವರೆಗೂ ಇಳಿಜಾರು. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಆಚೆ ದಡದಿಂದ ಬರುವ ತನಕ ಲಾರಿ, ಕಾರುಗಳೆಲ್ಲ ಆ ಇಳಿಜಾರಿನ ಮೇಲೆಯೇ ಮೂತಿ ಕೆಳಗೆ ಮಾಡಿ ಸಾಲು ನಿಲ್ಲಬೇಕು. ಕಾಯುವ ಹೊತ್ತಿನಲ್ಲಿ ಡ್ರೈವರುಗಳಿಗೆ ಬೇರೆ ಏನು ಕೆಲಸ? ಒಬ್ಬ ಬಾನೆಟ್ ಎತ್ತಿದರೆ ಸಾಲಿನವರೆಲ್ಲ ಎತ್ತುವುದು, ಕಡ್ಡಿ ಎಳೆಯುವುದು, ತಲೆ ಅಲ್ಲಾಡಿಸುವುದು. ಕರಾವಳಿಯಲ್ಲಿ ಗಾಡಿ ಓಡಿಸುವವರಿಗೆಲ್ಲ ಎಣ್ಣೆ ನೋಡುವ ಜಾಗ ಎಂದರೆ ಹೊಳೆ ದಾಟಿಸುವ ಅದೇ ತಾರಿ. ಯಾರು ಶುರು ಮಾಡಿದರೋ ದೇವರಿಗೇ ಗೊತ್ತು. ಎಲ್ಲ ಗಾಡಿಗಳೂ ಅಲ್ಲಿ ಓರೆಯಾಗಿ ನಿಂತಿರುತ್ತವೆ ಎಂಬುದು ಒಬ್ಬನ ತಲೆಗೂ ಹೊಳೆದಿರಲಿಲ್ಲ. ದಾರಿಯ ಪಕ್ಕದಲ್ಲೇ ಒಂದು ಗೂಡಂಗಡಿ, ಅಲ್ಲಿ ಚಹಾ, ಬಾಳೆಹಣ್ಣು, ಸೋಡಾ ಬಾಟಲಿಯಲ್ಲಿ ತುಂಬಿಟ್ಟ ಇಂಜಿನ್ ಎಣ್ಣೆ. ಎಣ್ಣೆ ಕಡಿಮೆ ತೋರಿಸುವ ಜಾಗದಲ್ಲೇ ಎಣ್ಣೆ ಮಾರುವ ಅಂಗಡಿ! ಆ ಅಂಗಡಿಯವನ ಪುಣ್ಯವೇ ಪುಣ್ಯ.

ಮನೆಯಲ್ಲಿ ಬಾನೆಟ್ಟಿನ ಹತ್ತಿರ ಸುಳಿಯದ ಅಣ್ಣ ತಾರಿಗೆ ಬಂದರೆ ಬೇರೆಯೇ ಮನುಷ್ಯನಾಗುತ್ತಿದ್ದ. ಅಂದೂ ಹಾಗೆಯೇ. ಕಾರು ನಿಲ್ಲಿಸಿದ್ದೇ ತಡ, ಅಂಗಿಯ ತೋಳು ಮಡಚಿ ಇಳಿದ, ಬಾನೆಟ್ ಎತ್ತಿದ, ಕಡ್ಡಿ ಎಳೆದ. ಹಿಂದೆ ನಿಂತಿದ್ದ ಲಾರಿಯ ಡ್ರೈವರು ಬಂದು ಬಗ್ಗಿ ನೋಡಿದ.

"ಎಂತ ಧಣಿ, ಕಡ್ಡಿಗೆ ಎಣ್ಣೆನೇ ತಾಗ್ಲಿಲ್ಲಲ! ಹಿಂಗೇ ಹೋದ್ರೆ ಇಂಜಿನ್ ಹಿಡ್ಕಂತು."

ಅಣ್ಣನ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಎಂತ ನೋಡ್ದೆ ನೀ ಬೆಳಿಗ್ಗೆ? ನಿದ್ದೆಗಣ್ಣಲ್ಲಿ ನೋಡ್ದ್ಯಾ?" ಎಂದ.

ನಾನು ಇಳಿದು ಹತ್ತಿರ ಹೋದೆ. "ಅಣ್ಣಾ, ಇಲ್ಲಿ ಗಾಡಿ ಮೂತಿ ಕೆಳಗಾಗಿ ನಿಂತದೆ. ಎಣ್ಣೆ ಎಲ್ಲ ಮುಂದೆ ಹೋಗ್ಯದೆ, ಕಡ್ಡಿ ಇರೂದು ಹಿಂದೆ. ಬೆಳಿಗ್ಗೆ ಮೇಲಿನ ಗೀಟಿಗೆ ಸಮ ಇತ್ತು. ದಯಮಾಡಿ ಹಾಕ್ಬೇಡ."

ಲಾರಿ ಡ್ರೈವರು ನಕ್ಕ. ಕೆಟ್ಟದಾಗಿ ಏನೂ ಅಲ್ಲ, ಕೋಳಿ ಮಾತಾಡಿದರೆ ನಗುವ ಹಾಗೆ. "ಈಗ ಎಣ್ಣೆ ವಿಷ್ಯನೂ ಹೆಂಗಸ್ರ ಹತ್ರ ಕೇಳೂ ಕಾಲ ಬಂತು" ಎಂದ. ಸುತ್ತ ಇದ್ದವರೂ ನಕ್ಕರು.

ನಾನು ಕಾರಿನೊಳಗೆ ಕೂತಿದ್ದ ಅಪ್ಪನನ್ನು ನೋಡಿದೆ. ಕಿಟಕಿಯ ಗಾಜು ಇಳಿದಿತ್ತು, ಪ್ರತಿ ಮಾತೂ ಅವನಿಗೆ ಕೇಳಿತ್ತು. "ಅಪ್ಪಾ, ನೀನಾದ್ರೂ ಹೇಳು" ಎಂದೆ. ಅಪ್ಪ ನನ್ನನ್ನು ನೋಡಿದ, ಅಲ್ಲಿ ನೆರೆದವರನ್ನು ನೋಡಿದ. ಆಮೇಲೆ ಮುಖ ತಿರುಗಿಸಿ ಹೊಳೆಯ ನಡುವಿನ ಮಾವಿನಕುರ್ವೆ ದ್ವೀಪದ ತೆಂಗಿನ ಮರಗಳನ್ನು ನೋಡತೊಡಗಿದ, ಜೀವಮಾನದಲ್ಲಿ ತೆಂಗಿನ ಮರವನ್ನೇ ಕಾಣದವನ ಹಾಗೆ.

ಅಣ್ಣ ಎರಡು ಬಾಟಲಿ ಎಣ್ಣೆ ತಂದು ಹೊಯ್ದ. ಹೊಯ್ದ ಮೇಲೆ ಕಡ್ಡಿ ಇಳಿಸಿ ಎಳೆದು ಲಾರಿಯವನಿಗೆ ತೋರಿಸಿದ. "ಈಗ ಆತು" ಎಂದು ಅವನು ಒಪ್ಪಿದ. ಜಂಗಲ್ ಬಂತು.

ಹೊನ್ನಾವರದ ಪೇಟೆ ದಾಟುವಾಗಲೇ ಹಿಂದೆ ಹೊಗೆ ಶುರುವಾಗಿತ್ತು. ಕರ್ಕಿ ದಾಟಿದ ಮೇಲೆ ಹಿಂದಿನ ಗಾಜಿನಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ, ಅಷ್ಟು ನೀಲಿ ಹೊಗೆ. ಮುಂದೆ ಒಂದು ಏರು ಬಂತು. ಇಂಜಿನ್ನು ಕೂಗಿತು, ಚಕ್ರ ಮುಂದಕ್ಕೆ ಹೋಗಲಿಲ್ಲ. ಹೆಚ್ಚಾದ ಎಣ್ಣೆ ಉಕ್ಕಿ ಸೋರಿ ಕ್ಲಚ್ಚಿಗೆ ಬಿದ್ದಿತ್ತು, ಅದು ಜಾರುತ್ತಿತ್ತು. ಹೀಗಾಗುತ್ತದೆಂದು ಸಾಹೇಬರ ಡ್ರೈವರು ಅಂದೇ ಹೇಳಿದ್ದ, ನಾನೂ ಕೇಳಿದ್ದೆ, ಅಪ್ಪನೂ ಕೇಳಿದ್ದ. ಅಣ್ಣ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಹಣೆ ಒರೆಸಿಕೊಂಡು, "ಎಣ್ಣೆ ಇಲ್ಲದೆ ಅಷ್ಟು ದೂರ ಓಡಿಸ್ದದ್ದಕ್ಕೆ ಇಂಜಿನ್ ಸುಟ್ಟದೆ" ಎಂದು ತೀರ್ಪು ಕೊಟ್ಟ.

ಶಾಲೆಯವರು ಹನ್ನೊಂದಕ್ಕೆ ಬರಲು ಹೇಳಿದ್ದರು. ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ತಾರಿಯಲ್ಲಿದ್ದ ಅದೇ ಲಾರಿ ಹಿಂದಿನಿಂದ ಬಂತು. ಡ್ರೈವರು ನಿಲ್ಲಿಸಿ, ಕಾರು ನೋಡಿ, ನನ್ನ ಹೊಸ ಸೀರೆ ನೋಡಿ, "ಎಲ್ಲಿಗೆ ಹೋಗ್ಬೇಕು ತಂಗಿ?" ಎಂದ. ಕುಮಟೆಗೆ, ಶಾಲೆಯ ಕೆಲಸಕ್ಕೆ ಕರೆದಿದ್ದಾರೆ ಎಂದೆ. "ನಾನೂ ಕುಮಟಿಗೇ. ಅಪ್ಪನ್ನೂ ಕರ್ಕಂಡು ಹತ್ತು, ಶಾಲೆ ಬಾಗ್ಲಿಗೇ ಬಿಡ್ತೆ" ಎಂದ. ನನ್ನನ್ನು ನೋಡಿ ನಕ್ಕಿದ್ದವನೇ ಇವನು. ಆ ಕ್ಷಣ ಅವನ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ನಾನು ಆಗಲೇ ಲಾರಿಯ ಬಾಗಿಲಿಗೆ ಕೈ ಹಾಕಿದ್ದೆ.

"ಬ್ಯಾಡ" ಎಂದ ಅಪ್ಪ. "ಕಾರಲ್ಲಿ ಹೊರಟವ್ರು ಲಾರಿ ಹತ್ತೂದ? ನಮ್ಗೂ ಒಂದು ಮರ್ಯಾದೆ ಅದೆ."

"ಅಪ್ಪಾ, ಹೊತ್ತಾಗ್ತದೆ. ಆ ಕೆಲ್ಸ ಹೋಗ್ತದೆ."

"ಬಸ್ಸು ಬರ್ತದೆ. ತಡಿ."

ಲಾರಿ ಹೋಯಿತು. ಬಸ್ಸು ಬಂತು, ಬರಲಿಲ್ಲ ಎನ್ನಲಾರೆ. ಬಿಸಿಲು ನೆತ್ತಿಗೆ ಬಂದ ಮೇಲೆ ಬಂತು. ಅಣ್ಣನನ್ನು ಕಾರಿನ ಹತ್ತಿರ ಬಿಟ್ಟು ನಾನೂ ಅಪ್ಪನೂ ಹತ್ತಿದೆವು. ಶಾಲೆ ಮುಟ್ಟಿದಾಗ ಮಕ್ಕಳು ಊಟಕ್ಕೆ ಹೊರಟಿದ್ದರು. ಕಮಿಟಿಯ ಹಿರಿಯರೆಲ್ಲ ಎದ್ದು ಹೋಗಿಯಾಗಿತ್ತು. ಹೆಡ್ಮಾಸ್ತರರು ಒಳ್ಳೆಯವರು, ಕೂರಿಸಿ ಮಜ್ಜಿಗೆ ಕೊಟ್ಟರು. "ನಿಮಗಾಗಿ ತುಂಬ ಹೊತ್ತು ಕಾದೆವು. ಸಮಯಕ್ಕೆ ಬಂದ ಇನ್ನೊಬ್ಬರನ್ನು ಗೊತ್ತು ಮಾಡಿದರು" ಎಂದರು. ದಾರಿಯಲ್ಲಿ ಗಾಡಿ ಕೆಟ್ಟಿತು ಎಂದು ಹೇಳಿದೆ. "ಬಸ್ಸಿಗೆ ಬರಬಹುದಿತ್ತಲ್ಲಮ್ಮ" ಎಂದರು. ನಾನು ಮಜ್ಜಿಗೆ ಕುಡಿದೆ. ಬೇರೆ ಏನು ಮಾಡಲಿ?

ನಾನೂ ಅಪ್ಪನೂ ಬಸ್ಸಿನಲ್ಲಿ ಹೊನ್ನಾವರಕ್ಕೆ ಮರಳಿದಾಗ ಅಣ್ಣ ಹೇಗೋ ಕಾರನ್ನು ತೆವಳಿಸಿಕೊಂಡು ಬಂದಿದ್ದ. ಜಂಗಲ್ ದಾಟಿ ಕಾಸರಕೋಡಿನ ಏರು ಹತ್ತಲು ಅದಕ್ಕೆ ಶಕ್ತಿಯಿರಲಿಲ್ಲ. ದೋಣಿಯವರು, ಚಹಾದಂಗಡಿಯಲ್ಲಿದ್ದವರು ಎಲ್ಲ ಸೇರಿ ನೂಕಿದರು. ನೂಕುವವರು ಏನಾಯಿತೆಂದು ಕೇಳುವುದು, ಅಣ್ಣ ಒಳಗಿನಿಂದ ಕೂಗುವುದು: "ಬೆಳಿಗ್ಗೆ ಎಣ್ಣೆ ನೋಡಿದ್ದು ತಂಗಿ!" ಮತ್ತೆ ನಗು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕಾರಿನ ಹಿಂದೆ ಮರಳಿನಲ್ಲಿ ನಡೆದೆ. ಅಪ್ಪ ನನ್ನ ಮುಂದೆ ನಡೆಯುತ್ತಿದ್ದ. ಏರು ಮುಗಿದ ಮೇಲೆ ಕಾರು ತೆವಳುತ್ತ ರಾತ್ರಿ ಮನೆ ಮುಟ್ಟಿತು.

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಕರೆದ. ಅಣ್ಣ ಎದ್ದಿರಲಿಲ್ಲ. ನಾನು ಹೋಗಬಾರದು ಎಂದುಕೊಂಡಿದ್ದೆ, ಆದರೂ ಹೋದೆ. ಕಡ್ಡಿ ಎಳೆದೆ. ಸೋರಿ, ಸುಟ್ಟು ಹೋದದ್ದು ಹೋಗಿಯೂ ಎಣ್ಣೆ ಮೇಲಿನ ಗೀಟು ದಾಟಿ ಒಂದು ಬೆರಳಿನಷ್ಟು ಏರಿ ನಿಂತಿತ್ತು. ಹಿಡಿದು ತೋರಿಸಿದೆ. ಅಪ್ಪ ತಲೆ ಹಿಂದಕ್ಕೆ ಮಾಡಿ ಕಣ್ಣು ಕಿರಿದು ಮಾಡಿ ನೋಡಿದ.

"ತೆಗಿ. ಗೀಟಿಗೆ ತಂದು ನಿಲ್ಸು."

ಗೋಣಿ ಹಾಸಿ ಕಾರಿನ ಕೆಳಗೆ ಮಲಗಿದೆ. ಅಪ್ಪ ಪಾನಾ ಕೊಟ್ಟ, ಹಳೆಯ ಬೋಗುಣಿ ಕೊಟ್ಟ. ಕೆಳಗಿನ ನಟ್ಟನ್ನು ಪೂರ್ತಿ ಬಿಚ್ಚದೆ ಸಡಿಲ ಮಾಡಿ, ಎಣ್ಣೆ ಸಣ್ಣಗೆ ಬೀಳಲು ಬಿಟ್ಟು, ಮತ್ತೆ ಬಿಗಿದು, ಎದ್ದು ಬಂದು ಕಡ್ಡಿ ನೋಡುವುದು. ಇನ್ನೂ ಹೆಚ್ಚಿದ್ದರೆ ಮತ್ತೆ ಮಲಗುವುದು. ಅವಸರ ಮಾಡಿದರೆ ಪೂರ್ತಿ ಸುರಿದುಹೋಗುತ್ತದೆ. ಕೆಳಗೆ ಮಲಗಿದ್ದಾಗ ಅಪ್ಪನ ಪಾದ ಮಾತ್ರ ಕಾಣುತ್ತಿತ್ತು. ಮುಖ ಕಾಣದ್ದಕ್ಕೇ ಇರಬೇಕು ಕೇಳುವ ಧೈರ್ಯ ಬಂತು.

"ಅಪ್ಪಾ, ತಾರಿಲಿ ಅಣ್ಣ ಮಾಡೂದು ತಪ್ಪು ಹೇಳಿ ನಿಂಗೆ ಗೊತ್ತಿತ್ತಲ್ದ?"

ಪಾದಗಳು ಕದಲಲಿಲ್ಲ. "ಗೊತ್ತಿತ್ತು" ಎಂದ.

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಅಷ್ಟು ಜನ್ರ ಎದ್ರು ಮಗ ತಪ್ಪು, ಮಗಳು ಸರಿ ಹೇಳೂಕೆ ಆತದ ಮಗಾ? ಅವ್ನು ನಾಳೆ ನನ್ನ ಅಂಗಡಿಲಿ ಕೂಡೂನು. ಅದೇ ರಸ್ತೆಲಿ ಓಡಾಡೂನು. ಜನ ಅವ್ನ ಮಾತಿಗೆ ಬೆಲೆ ಕೊಡೂದು ಬ್ಯಾಡ್ವ? ನೀ ಮದ್ವೆ ಆಗಿ ಹೋಗೂಳು."

ಇದನ್ನು ಅಪ್ಪ ಸಿಟ್ಟಿನಿಂದ ಹೇಳಲಿಲ್ಲ. ಕೊಬ್ಬರಿಯ ಧಾರಣೆ ಹೇಳುವ ಹಾಗೆ ಹೇಳಿದ. ಸಿಟ್ಟಿನಲ್ಲಿ ಹೇಳಿದ್ದರೆ ನಾನು ಮರೆಯುತ್ತಿದ್ದೆನೇನೋ. ಅಣ್ಣನಿಗೆ ತಿಳಿದಿರಲಿಲ್ಲ, ಅವನು ದಡ್ಡ, ಅವನ ಮೇಲೆ ನನಗೆ ಅಂಥ ದ್ವೇಷ ಇರಲಿಲ್ಲ, ಈಗಲೂ ಇಲ್ಲ. ಅಪ್ಪನಿಗೆ ಎಲ್ಲ ತಿಳಿದಿತ್ತು. ತಿಳಿದೇ ತೂಗಿ ನೋಡಿದ್ದ, ನಾನು ಹಗುರಾಗಿದ್ದೆ. ಎಣ್ಣೆ ನಿಲ್ಲಿಸಿ ನಟ್ಟು ಬಿಗಿದೆ. ಆಚೆ ಬಂದು ಕಡ್ಡಿ ತೋರಿಸಿದೆ. "ಈಗ ಸರಿ ಆತು" ಎಂದ ಅಪ್ಪ.

ಅಂದು ಸಂಜೆ ಕಾರು ಮಾರಿದ ಸಾಹೇಬರು ಮನೆಗೆ ಬಂದರು. ಕಾರಿನ ಸುದ್ದಿ ಪೇಟೆಗೆ ಮುಟ್ಟಿತ್ತು, ಕ್ಲಚ್ಚು ಬಿಚ್ಚಿ ತೊಳೆಯಲು ತಮ್ಮ ಕಡೆಯವನನ್ನು ಕಳಿಸುತ್ತೇನೆಂದು ಹೇಳಲು ಬಂದಿದ್ದರು. ಜಗಲಿಯಲ್ಲಿ ಇನ್ನೂ ಕೆಲವು ಜನ ಕೂತಿದ್ದರು, ಅಣ್ಣನೂ ಇದ್ದ. ಆಯಿ ಚಹಾ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಸಾಹೇಬರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು, ಅಕ್ಕರೆಯಿಂದಲೇ ಕೇಳಿದರು.

"ಎಂತ ಬೇಟಿ, ಕುಮಟೆಯ ಕೆಲಸ ಎಂತಾಯ್ತು? ಟೀಚರಮ್ಮ ಆಗ್ತೀರಿ ಹೇಳಿ ನಾವು ಮನೆಯಲ್ಲಿ ಮಾತಾಡ್ತಾ ಇದ್ದೆವು."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ.

"ಅವಳಿಗೇ ಮನಸ್ಸಿಲ್ಲ ಸಾಹೇಬ್ರೆ. ಕುಮಟೆ ದೂರ ಆತು, ಮನೆ ಬಿಟ್ಟು ಇರೂಕೆ ಆಗೂದಿಲ್ಲ ಹೇಳ್ತಾಳೆ. ನಾವೂ ಒತ್ತಾಯ ಮಾಡ್ಲಿಲ್ಲ."

"ಸುಳ್ಳು" ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ. "ನಂಗೆ ಮನಸ್ಸಿತ್ತು. ನಂಗೆ ಆ ಕೆಲ್ಸ ಬೇಕಿತ್ತು."

ಅಣ್ಣ ನೆಲ ನೋಡಿದ. ಒಳಬಾಗಿಲಲ್ಲಿ ಆಯಿಯ ಬಳೆ ಸದ್ದಾಗಿ ನಿಂತಿತು. ಅಪ್ಪ ಒಂದು ಗಳಿಗೆ ನನ್ನನ್ನೇ ನೋಡಿದ, ಮತ್ತೆ ಸಾಹೇಬರ ಕಡೆ ತಿರುಗಿ ಗಟ್ಟಿಯಾಗಿ ನಕ್ಕ.

"ಕಾಣಿ, ಹೆಂಗೆ ತಮಾಷೆ ಮಾಡ್ತಾಳೆ" ಎಂದ.

ಸಾಹೇಬರು ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತೆಂದೇ ನನ್ನ ನಂಬಿಕೆ. ಆದರೆ ಅವರು ಮರ್ಯಾದಸ್ತರು, ಬಂದ ಮನೆಯ ಯಜಮಾನನ ಜೊತೆ ಅವರೂ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು ಒಬ್ಬೊಬ್ಬರ ಮುಂದೆಯೂ ಬಗ್ಗಿ ಚಹಾ ಕೊಟ್ಟೆ.